ಹಾರುವವರಿಗೆ ಪಾಯಿಂಟು, ಕಾಯುವವರಿಗೆ ಬೈಗುಳ

ನಮ್ಮ ಜೊತೆ ಡಿಪ್ಲೊಮಾ ಓದಿದ ಗೆಳೆಯನೊಬ್ಬ ಈಗ ಬೆಂಗಳೂರಿನ ಕಂಪನಿಯಲ್ಲಿದ್ದಾನೆ. ತಿಂಗಳಿಗೆ ನಾಲ್ಕೈದು ಸಲ ವಿಮಾನ ಹತ್ತುತ್ತಾನೆ. ಮೊನ್ನೆ ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ಕಾರ್ಡಿನ ಫೋಟೊ ಹಾಕಿದ. ವಿಮಾನ ಕಂಪನಿ ಕೊಟ್ಟ ಕಾರ್ಡು. ಅದಿದ್ದರೆ ಉದ್ದ ಸಾಲಿನಲ್ಲಿ ನಿಲ್ಲಬೇಕಿಲ್ಲ, ಸಾಮಾನು ಹೆಚ್ಚು ಒಯ್ಯಬಹುದು, ವಿಮಾನ ತಡವಾದರೆ ಸೋಫಾದ ಮೇಲೆ ಕುಂತು ಊಟ ಮಾಡಬಹುದು. ಹಾರಿದಷ್ಟೂ ಪಾಯಿಂಟು. ಪಾಯಿಂಟು ಕೂಡಿದರೆ ಮುಂದಿನ ಟಿಕೆಟ್ಟೇ ಪುಕ್ಕಟೆ.

ಆ ಫೋಟೊ ಬಂದಾಗ ನಾವು ಕೊಹಿನೂರದಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಕಲ್ಯಾಣಕ್ಕೆ ಹೋಗುವ ಮುಂಜಾನೆ ಬಸ್ಸು ಬಂದಿರಲಿಲ್ಲ. ಪಕ್ಕದಲ್ಲಿ ಹತ್ತು ಹನ್ನೆರಡು ಕಾಲೇಜು ಹುಡುಗಿಯರು, ದವಾಖಾನೆಗೆ ಹೊರಟ ಒಬ್ಬ ಆಯಿ, ಕಾಯಿಪಲ್ಲೆ ಗಂಟು ಹೊತ್ತ ಇಬ್ಬರು. ‘ಬಸ್ಸು ಬರ್ತದೇನವ್ವ?’ ಎಂದು ಕೇಳಿದೆವು. ‘ಯಾರಿಗಿ ಗೊತ್ತದರಿ ಅಣ್ಣಾ. ನಿನ್ನೆನೂ ಬಂದಿಲ್ಲ. ಮೊದಲ್ನೆ ಪಿರಿಯಡ್ ಹೋಯ್ತು’ ಎಂದಳು ಒಬ್ಬಳು.

ಲೆಕ್ಕ ಹಾಕಿ ನೋಡಿ. ಈಕೆ ದಿನಕ್ಕೆ ಎರಡು ಸಲ ಬಸ್ಸು ಹತ್ತುತ್ತಾಳೆ. ಕಾಲೇಜು ವರ್ಷಕ್ಕೆ 200 ದಿನ ನಡೆದರೂ 400 ಪ್ರಯಾಣ. ನಮ್ಮ ಗೆಳೆಯನದು ಐವತ್ತು ಅರವತ್ತು. ಪದೇ ಪದೇ ಪ್ರಯಾಣ ಮಾಡುವವರಿಗೆ ಮರ್ಯಾದೆ ಎಂದಾದರೆ ಕಾರ್ಡು ಯಾರ ಕೈಯಲ್ಲಿರಬೇಕಿತ್ತು?

ಈ ಪಾಯಿಂಟಿನ ಪದ್ಧತಿ 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಶುರು ಮಾಡಿದ ಮೇಲೆ ಲೋಕವೆಲ್ಲ ಹಬ್ಬಿತು. ಗಿರಾಕಿ ಬೇರೆ ಕಂಪನಿಗೆ ಹೋಗಬಾರದು ಎಂಬುದು ಅದರ ಉದ್ದೇಶ. ವ್ಯಾಪಾರಿ ತನ್ನ ಗಿರಾಕಿಗೆ ಏನು ಬೇಕಾದರೂ ಕೊಡಲಿ, ಅದರಲ್ಲಿ ನಮ್ಮ ತಕರಾರಿಲ್ಲ. ಹಾರುವವರಿಗೆ ಸರ್ಕಾರವೂ ಕೊಡುತ್ತದಲ್ಲ, ಅದರ ಬಗ್ಗೆ ನಮ್ಮ ಮಾತು.

ಬೀದರಿನ ಕತೆ ತಗೊಳ್ಳಿ. ವಾಯುಪಡೆಯ ರನ್‌ವೇ ಮೊದಲಿನಿಂದಲೂ ಇತ್ತು. ಸಾಮಾನ್ಯ ಪ್ರಯಾಣಿಕರಿಗೆಂದು ಟರ್ಮಿನಲ್ ಕಟ್ಟಿ ವರ್ಷಗಟ್ಟಲೆ ಖಾಲಿ ಬಿಟ್ಟಿದ್ದರು. ಶಂಶಾಬಾದ್ ವಿಮಾನ ನಿಲ್ದಾಣದ 150 ಕಿ.ಮೀ. ಒಳಗೆ ಇನ್ನೊಂದು ನಿಲ್ದಾಣ ಬರಬಾರದೆಂಬ ಕರಾರು ಅಡ್ಡ ಬಂದಿತ್ತು. ಕೊನೆಗೆ 2020ರ ಫೆಬ್ರುವರಿ 7ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಬಂದು ಉದ್ಘಾಟನೆ ಮಾಡಿದರು. ಬೆಂಗಳೂರಿಗೆ ಟ್ರೂಜೆಟ್ ಹಾರಿತು, ನಿಂತಿತು. 2022ರ ಜೂನ್‌ನಲ್ಲಿ ಸ್ಟಾರ್ ಏರ್ ಬಂತು. 2023ರ ಕೊನೆಗೆ ಅದೂ ನಿಂತಿತು. ಮತ್ತೆ ಹಾರಿದ್ದು 2025ರ ಏಪ್ರಿಲ್‌ನಲ್ಲಿ.

ವಿಮಾನ ನಿಂತ ಆ ಒಂದೂಕಾಲು ವರ್ಷ ಎಷ್ಟು ಗದ್ದಲವಾಯಿತು ನೆನಪಿದೆಯೇ? ಮನವಿ, ಸಭೆ, ದಿಲ್ಲಿಗೆ ಪತ್ರ, ಒಬ್ಬರ ಮೇಲೊಬ್ಬರು ಆರೋಪ. ನಾವೂ ಸುದ್ದಿ ಬರೆದಿದ್ದೇವೆ, ಸುಳ್ಳು ಹೇಳುವುದಿಲ್ಲ. ವಿಮಾನದ ಸುದ್ದಿ ಕಳಿಸಿದರೆ ಜಿಲ್ಲಾ ಪುಟದ ಮೇಲ್ಗಡೆ ಬರುತ್ತದೆ. ಹಳ್ಳಿ ಬಸ್ಸು ನಿಂತ ಸುದ್ದಿ ಕಳಿಸಿದರೆ ‘ಜಾಗ ಇದ್ದರೆ ನೋಡೋಣ’ ಎನ್ನುತ್ತಾರೆ. ಜಾಗ ಇರುವುದಿಲ್ಲ.

ಈಗ ದುಡ್ಡಿನ ಮಾತಿಗೆ ಬರೋಣ. ಬೀದರಿನ ವಿಮಾನ ‘ಉಡಾನ್’ ಯೋಜನೆಯಲ್ಲಿ ಬಂದದ್ದು. ಹವಾಯಿ ಚಪ್ಪಲಿ ಹಾಕಿದವನೂ ಹವಾಯಿ ಜಹಾಜಿನಲ್ಲಿ ಕೂರಬೇಕು ಎಂಬ ಮಾತಿನೊಂದಿಗೆ ಪ್ರಧಾನಿಯವರು 2017ರ ಏಪ್ರಿಲ್‌ನಲ್ಲಿ ಇದರ ಮೊದಲ ವಿಮಾನ ಹಾರಿಸಿದರು. ಒಂದು ತಾಸಿನ ಹಾರಾಟಕ್ಕೆ ಸುಮಾರು 2,500 ರೂಪಾಯಿ ಎಂದು ಅರ್ಧದಷ್ಟು ಸೀಟುಗಳಿಗೆ ದರ ಕಟ್ಟಿದರು. ಕಂಪನಿಗೆ ಆಗುವ ನಷ್ಟ ತುಂಬಿಕೊಡುವುದು ಯಾರು? ದೊಡ್ಡ ಊರುಗಳ ನಡುವೆ ಹಾರುವ ವಿಮಾನಗಳ ಮೇಲೆ ಲೆವಿ ಹಾಕಿ ಕೇಂದ್ರ ಒಂದು ಪಾಲು ಕೊಡುತ್ತದೆ. ಉಳಿದ 20 ಶೇಕಡಾ ರಾಜ್ಯದ ಬೊಕ್ಕಸದಿಂದ, ಅಂದರೆ ನಾವು ನೀವು ಬೆಂಕಿಪೊಟ್ಟಣ ಕೊಂಡಾಗ ಕಟ್ಟುವ ತೆರಿಗೆಯಿಂದ. ಅದರ ಮೇಲೆ ವಿಮಾನದ ಇಂಧನಕ್ಕೆ ರಾಜ್ಯದ ತೆರಿಗೆ ಬರೀ ಶೇ 1, ಪೊಲೀಸ್ ಕಾವಲು ಮತ್ತು ಅಗ್ನಿಶಾಮಕ ಪುಕ್ಕಟೆ, ಕರೆಂಟು ನೀರಿಗೆ ರಿಯಾಯಿತಿ.

ಇಷ್ಟಾದರೂ ವಿಮಾನ ನಿಂತಿತೇ? ಹಲವು ಕಡೆ ನಿಲ್ಲಲಿಲ್ಲ. ಮಹಾಲೇಖಪಾಲರು, ಅಂದರೆ ಸಿಎಜಿ, 2023ರಲ್ಲಿ ಕೊಟ್ಟ ವರದಿ ನೋಡಿ. ಯೋಜನೆಯ ಮೂರನೇ ಸುತ್ತಿನ ತನಕ ಮಂಜೂರಾದ ಮಾರ್ಗ 774. ಹಾರಾಟ ಶುರುವಾದದ್ದು 371ರಲ್ಲಿ. ಮೂರು ವರ್ಷದ ಅವಧಿ ಪೂರ್ತಿ ಮುಗಿಸಿದ್ದು 112. ನೆರವು ಮುಗಿದ ಮೇಲೂ ಹಾರುತ್ತಿದ್ದದ್ದು 54. ಬೀದರಿನ ಕತೆಯೂ ಇದೇ ಪಟ್ಟಿಯದು.

ಇಷ್ಟು ದುಡ್ಡು ಸುರಿದು, ಎಷ್ಟೋ ಮಾರ್ಗ ಮುಚ್ಚಿಹೋದರೂ, ಇದನ್ನು ಯಾರಾದರೂ ‘ಬಿಟ್ಟಿ ಭಾಗ್ಯ’ ಎಂದು ಕರೆದದ್ದು ಕೇಳಿದ್ದೀರಾ?

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಕಡೆಯ ಚಹಾದ ಅಂಗಡಿಗಳಲ್ಲಿ ಏನೇನು ಮಾತು ಕೇಳಿದೆವು! ಹೆಣ್ಣುಮಕ್ಕಳು ಮನೆ ಬಿಟ್ಟು ತಿರುಗುತ್ತಾರೆ, ಗಂಡಸರಿಗೆ ಸೀಟು ಇಲ್ಲ, ರಾಜ್ಯ ದಿವಾಳಿ. ಕೂಲಿಗೆ ಹೋಗುವ ಹೆಂಗಸು ದಿನಾ ಮೂವತ್ತು ನಲವತ್ತು ರೂಪಾಯಿ ಉಳಿಸಿದರೆ ಅದು ಬಿಟ್ಟಿ. ವಿಮಾನದ ಸೀಟಿಗೆ ಸರ್ಕಾರ ಸಾವಿರಗಟ್ಟಲೆ ತುಂಬಿದರೆ ಅದು ಅಭಿವೃದ್ಧಿ. ಸಂಸದರಿಗೆ ವರ್ಷಕ್ಕೆ 34 ವಿಮಾನ ಪ್ರಯಾಣ ಪುಕ್ಕಟೆ ಇದೆ, ಅದಕ್ಕೆ ಸವಲತ್ತು ಎಂದು ಹೆಸರು. ಒಂದೇ ಖಜಾನೆ, ಮೂರು ಹೆಸರು.

ಶಕ್ತಿ ಟಿಕೆಟ್‌ಗಳ ಲೆಕ್ಕ 2025ರ ಜುಲೈನಲ್ಲಿ 500 ಕೋಟಿ ದಾಟಿತು. ಲೋಕದಲ್ಲಿ ಇವರಷ್ಟು ಪದೇ ಪದೇ ಪ್ರಯಾಣ ಮಾಡುವವರು ಇದ್ದಾರೆಯೇ? ಬಸ್ಸಿನಲ್ಲಿ ನೂಕುನುಗ್ಗಲು ಆಯಿತು ನಿಜ. ಜನ ಹೆಚ್ಚಾದರೆ ಬಸ್ಸು ಹೆಚ್ಚು ಬೇಕು. ಹತ್ತಿದ ಹೆಂಗಸರನ್ನು ಬೈದು ಏನು ಬಂತು? (ಶಕ್ತಿ ರಾಜ್ಯದೊಳಗಿನ ಬಸ್ಸಿಗೆ ಮಾತ್ರ. ಉಮರ್ಗಾ ಕಡೆ ಮಗಳನ್ನು ಕೊಟ್ಟ ನಮ್ಮ ಅವ್ವಂದಿರು ಗಡಿ ದಾಟಬೇಕೆಂದರೆ ಟಿಕೆಟ್ ತೆಗೆಸಲೇಬೇಕು. ಅದು ಇನ್ನೊಂದು ಸಲ.)

ಇನ್ನೊಂದು ಲೆಕ್ಕವೂ ಇದೆ, ಅದು ಮಳೆಯದು. 2020ರಲ್ಲಿ ಇಬ್ಬರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. 2018ರಲ್ಲಿ ಲೋಕದ ಜನರಲ್ಲಿ ವಿಮಾನ ಹತ್ತಿದವರೇ ಸುಮಾರು ಶೇ 11. ಪ್ರಯಾಣಿಕ ವಿಮಾನಗಳ ಹೊಗೆಯಲ್ಲಿ ಅರ್ಧದಷ್ಟಕ್ಕೆ ಕಾರಣ ಬರೀ ಶೇ 1 ಜನ, ಅಂದರೆ ಈ ಕಾರ್ಡಿನವರು. ಬ್ರಿಟನ್‌ನಲ್ಲಿ ಕೆಲವರು ಒಂದು ಬೇಡಿಕೆ ಇಟ್ಟಿದ್ದಾರೆ: ವರ್ಷದ ಮೊದಲ ಹಾರಾಟಕ್ಕೆ ತೆರಿಗೆ ಬೇಡ, ಆಮೇಲೆ ಹಾರಿದಷ್ಟೂ ತೆರಿಗೆ ಏರಲಿ. ಪಾಯಿಂಟಿನ ಪದ್ಧತಿಗೆ ಪೂರಾ ತಿರುಗಿಸಿದ ಲೆಕ್ಕ. ಸೋಯಾ, ಉದ್ದು ರಾಶಿ ಮಾಡುವ ಹೊತ್ತಿಗೇ ಮಳೆ ಸುರಿದು ಬೆಳೆ ಕೊಳೆತದ್ದನ್ನು ಕಂಡವರಿಗೆ ಈ ಬೇಡಿಕೆ ಅತಿ ಎನಿಸಲಾರದು.

ಹಾಗಾದರೆ ಬೀದರಿಗೆ ವಿಮಾನ ಬೇಡವೇ? ಬೇಕು. ಬೆಂಗಳೂರು ನಮಗೆ ರೈಲಿನಲ್ಲಿ ಒಂದು ರಾತ್ರಿಯ ದೂರ. ತುರ್ತಿದ್ದವರು ಶಂಶಾಬಾದ್‌ಗೆ ಓಡಬೇಕು. ರಾಜಧಾನಿಗೆ ಬೇಗ ತಲುಪುವ ದಾರಿ ದಕ್ಷಿಣದವರಿಗೆ ಇದ್ದಂತೆ ನಮಗೂ ಇರಲಿ. ಆದರೆ ಕೊಹಿನೂರದವನು ಆ ವಿಮಾನ ಹಿಡಿಯಬೇಕಾದರೆ ಮೊದಲು ಕಲ್ಯಾಣಕ್ಕೆ, ಅಲ್ಲಿಂದ ಹುಮನಾಬಾದಿಗೆ, ಅಲ್ಲಿಂದ ಬೀದರಿಗೆ ಬಸ್ಸು ಹಿಡಿದು ಕೊನೆಗೆ ಆಟೊ ಹತ್ತಬೇಕು. ಮೊದಲ ಬಸ್ಸೇ ಬರದಿದ್ದರೆ ವಿಮಾನ ಹೊತ್ತಿಗೆ ಸರಿಯಾಗಿ ಹಾರಿ ಏನು ಮಾಡುತ್ತದೆ?

ಡ್ರೈವರ್, ಕಂಡಕ್ಟರರ ಮೇಲೆ ನಮಗೆ ಸಿಟ್ಟಿಲ್ಲ. ಡಬಲ್ ಡ್ಯೂಟಿ ಮಾಡಿ ಅವರ ಕಣ್ಣು ಕೆಂಪಾಗಿರುತ್ತವೆ. ನಾವು ಕೇಳುವುದು ವಿಮಾನಕ್ಕೆ ಕೊಟ್ಟ ಶಿಸ್ತನ್ನು ಬಸ್ಸಿಗೂ ಕೊಡಿ ಎಂದು. ಉಡಾನ್ ಕಂಪನಿ ವಾರಕ್ಕೆ ಕನಿಷ್ಠ 3 ಸಲ ಹಾರಲೇಬೇಕು, ಕರಾರು ಮೂರು ವರ್ಷದ್ದು. ಹಳ್ಳಿಯ ಮುಂಜಾನೆ ಬಸ್ಸಿಗೂ ಹಾಗೆ ಬರಹದಲ್ಲಿ ಕರಾರು ಇರಲಿ: ಇಷ್ಟು ಗಂಟೆಗೆ, ವಾರಕ್ಕೆ ಇಷ್ಟು ದಿನ, ಇಷ್ಟು ವರ್ಷ. ಬಸ್ಸು ಬರದಿದ್ದರೆ ಹಿಂದಿನ ರಾತ್ರಿಯೇ ಹೇಳಲಿ. ವಿಮಾನ ರದ್ದಾದರೆ ಫೋನಿಗೆ ಮೆಸೇಜು ಬರುತ್ತದೆ. ಬಸ್ಸಿಗೆ ಕಾಯುವವರ ಫೋನಿಗೂ ಹಾಗೇ ಒಂದು ಮೆಸೇಜು ಹಾಕಲು ಏನು ಕಷ್ಟ?

ಇದನ್ನು ನಾವು ಬರೀ ಬಾಯಿಮಾತಿನಲ್ಲಿ ಕೇಳಿದರೆ ‘ದಾಖಲೆ ಎಲ್ಲಿದೆ’ ಎನ್ನುತ್ತಾರೆ. ಅದಕ್ಕೇ ಕೊಹಿನೂರದ ಆ ಹುಡುಗಿಯರು ಒಂದು ನೋಟ್‌ಬುಕ್ ಶುರು ಮಾಡಿದ್ದಾರೆ. ತಾರೀಖು, ಬರಬೇಕಿದ್ದ ಹೊತ್ತು, ಬಂದ ಹೊತ್ತು, ಕಾದವರು ಎಷ್ಟು ಮಂದಿ. ಮೊದಲ ವಾರದ ಆರು ಸಾಲುಗಳಲ್ಲಿ ಎರಡರ ಮುಂದೆ ‘ಬಂದಿಲ್ಲ’ ಎಂದಿದೆ. ನಿಮ್ಮೂರಿನಲ್ಲೂ ಹೀಗೆ ಒಂದು ತಿಂಗಳು ಬರೆದಿಡಿ, ಪುಟದ ಫೋಟೊ ತೆಗೆದು ನಮಗೆ ಕಳಿಸಿ. ಬಸವಕಲ್ಯಾಣ, ಹುಮನಾಬಾದ್ ಎರಡೂ ತಾಲ್ಲೂಕಿನದು ಕೂಡಿದ ಮೇಲೆ ನಾವೇ ಒಯ್ದು ಡಿಪೊದಲ್ಲೂ ಶಾಸಕರ ಕೈಯಲ್ಲೂ ಕೊಡುತ್ತೇವೆ.