ನೆಗಡಿ, ಮೂಗು ಮತ್ತು 666

ಕಳೆದ ಸಲ ಊರಿಗೆ ಹೋದಾಗ ಅಪ್ಪನ ಹಳೇ ಫೋಟೋ ನೆಗೆಟಿವ್‌ಗಳನ್ನ ಮ್ಯೂನಿಕ್‌ಗೆ ಹೊತ್ತು ತಂದಿದ್ದೆ. ಇಲ್ಲಿನ ಹಳೇ ಸಾಮಾನಿನ ಸಂತೇಲಿ ಅಗ್ಗಕ್ಕೊಂದು ಫಿಲ್ಮ್ ಸ್ಕ್ಯಾನರೂ ಸಿಕ್ತು. ಆದ್ರೆ ಅದರ ಡ್ರೈವರ್ ಇರೋದು ವಿಂಡೋಸ್ ಎಕ್ಸ್‌ಪಿಗೆ ಮಾತ್ರ, ನನ್ನದು ಲಿನಕ್ಸ್. ಸರಿ, ವರ್ಚುವಲ್ ಮಷೀನ್‌ನಲ್ಲಿ ಎಕ್ಸ್‌ಪಿ ಹಾಕಿ ಸ್ಕ್ಯಾನರನ್ನ ಅದಕ್ಕೇ ಒಪ್ಪಿಸೋಣ ಅಂತ ಹೊರಟರೆ... ಪರ್ಮಿಶನ್ ಡಿನೈಡ್!

ರೂಮ್‌ಮೇಟ್ ಹಿಂದಿನಿಂದ ಇಣುಕಿ, "ಲೇ, ರೂಟ್ ಆಗಿ ಓಡ್ಸೋ. ಇಲ್ಲಾ ಎಲ್ಲಾ ಯುಎಸ್‌ಬಿಗೂ 666 ಕೊಟ್ಬಿಡೋ" ಅಂದ. ಕೆಲಸ ಆಗುತ್ತೆ, ನಿಜ. ಆದ್ರೆ ಅದು ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗೆ ಅನ್ನೋದು ನನ್ನ ವಾದ.

ಯಾಕೆ ಅಂತೀರಾ? 666 ಅಂದ್ರೆ ಓದೋಕೂ ಬರೆಯೋಕೂ ಎಲ್ಲರಿಗೂ ಅನುಮತಿ. ಸ್ಕ್ಯಾನರ್ ಜೊತೆ ಕೀಬೋರ್ಡು, ಪೆನ್‌ಡ್ರೈವೂ ಯುಎಸ್‌ಬಿಯಲ್ಲೇ ಇರ್ತವಲ್ಲ! ಆಗ ಯಾವ ಪ್ರೋಗ್ರಾಮ್ ಬೇಕಾದ್ರೂ ಕರ್ನಲ್‌ನ ಡ್ರೈವರನ್ನ ಬದಿಗೆ ಸರಿಸಿ ಅವುಗಳ ಜೊತೆ ನೇರವಾಗಿ ಮಾತಾಡಬಹುದು.

ರೂಟ್ ದಾರಿ ಇನ್ನೂ ಕೆಟ್ಟದ್ದು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತಿದ್ದು 2014ರಲ್ಲಿ. ಅಂಥದ್ದನ್ನ ಗೋಡೆಯೊಳಗೆ ಇಡೋಕೇ ಈ ವರ್ಚುವಲ್ ಮಷೀನ್. ಆ ಗೋಡೆಯೂ ಬಿರುಕು ಬಿಟ್ಟದ್ದಿದೆ. 2015ರಲ್ಲಿ ಬಯಲಾದ 'ವೆನಮ್' ದೋಷ ಇದ್ದದ್ದು ಕ್ಯೂಇಎಂಯುನ ಫ್ಲಾಪಿ ಕೋಡ್‌ನಲ್ಲಿ, ಯಾರೂ ಬಳಸದ ಮೂಲೆಯಲ್ಲಿ! ಅದನ್ನೇನೋ ಮುಚ್ಚಿದರು. ಆದ್ರೆ ಅಂಥ ತೂತಿನಿಂದ ಹೊರಬಂದವನಿಗೆ ಸಿಗೋದು ಕ್ಯೂಇಎಂಯು ಯಾರ ಹೆಸರಲ್ಲಿ ಓಡ್ತಿದೆಯೋ ಅವರ ಅಧಿಕಾರ. ರೂಟ್ ಆಗಿದ್ರೆ ಇಡೀ ಮನೆಯೇ ಅವನದು.

ಹಾಗಾದ್ರೆ ಮಾಡೋದೇನು? 'ಎಲ್‌ಎಸ್‌ಯುಎಸ್‌ಬಿ' ಅಂತ ಹೊಡೆದರೆ ಸ್ಕ್ಯಾನರ್‌ನ ವೆಂಡರ್ ನಂಬರ್, ಪ್ರಾಡಕ್ಟ್ ನಂಬರ್ ಎರಡೂ ಕಾಣುತ್ತವೆ. ಆ ಎರಡು ನಂಬರ್ ಇರೋ ಸಾಧನ ಬಂದ್ರೆ ಅದನ್ನ 'ಸ್ಕ್ಯಾನರ್' ಗುಂಪಿಗೆ ಕೊಟ್ಟು 660 ಹಾಕು ಅಂತ ಯುಡೆವ್‌ಗೆ ಒಂದೇ ಸಾಲಿನ ನಿಯಮ ಬರೆದೆ. ನಾನೂ ಆ ಗುಂಪು ಸೇರಿ, ಲಾಗ್‌ಔಟ್ ಆಗಿ ಬಂದೆ. ಅಷ್ಟೇ. ಕೈಯಲ್ಲಿ ಕೊಟ್ಟ ಪರ್ಮಿಶನ್ ವೈರ್ ಕಿತ್ತು ಮತ್ತೆ ಹಾಕಿದ್ರೆ ಹೋಗಿಬಿಡುತ್ತೆ. ಈ ನಿಯಮ ಹಾಗಲ್ಲ, ಪ್ರತಿ ಸಲವೂ ಅನ್ವಯಿಸುತ್ತೆ. ಲಿಬ್‌ವರ್ಟ್‌ನ ಸಿಸ್ಟಮ್ ಸೆಷನ್ ಬಳಸೋರಿಗೆ ಇಷ್ಟೂ ಬೇಕಿಲ್ಲ. ಒಪ್ಪಿಸಿದ ಸಾಧನದ ಮಾಲೀಕತ್ವವನ್ನ ಸಾಮಾನ್ಯವಾಗಿ ಅದೇ ಬದಲಿಸಿಕೊಳ್ಳುತ್ತೆ.

ಅರ್ಧ ಗಂಟೆ ಹಿಡೀತು, ಒಪ್ಕೋತೀನಿ. 666 ಆಗಿದ್ರೆ ಅರ್ಧ ನಿಮಿಷ. ಆದ್ರೆ ಕೊಳಾಯಿ ರಿಪೇರಿಗೆ ಬಂದವನಿಗೆ ಬಚ್ಚಲಮನೆ ತೋರಿಸ್ತೀವೇ ಹೊರತು ಬೀರುವಿನ ಬೀಗದ ಕೈ ಕೊಡಲ್ಲ, ಅಲ್ವಾ?

ಅಂದ ಹಾಗೆ, ಮೊದಲು ಸ್ಕ್ಯಾನ್ ಆಗಿದ್ದು ಬಾವಿಕಟ್ಟೆ ಮೇಲೆ ಕೂತ ಅಮ್ಮನ ಫೋಟೋ. ಈಗಿನ ನನಗಿಂತ ಚಿಕ್ಕವಳು!