ಗ್ರಂಥಪಾಲಕರು ಪದವಿ ಬಯಸಿದರೆ ತಪ್ಪೇನು?

ಕಳೆದ ತಿಂಗಳು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಾಲೆಗೆ ಬಂದಿದ್ದಳು. ಕನ್ನಡ ಮಾಧ್ಯಮದಲ್ಲೇ ಹತ್ತನೆಯ ತರಗತಿ ಮುಗಿಸಿ, ಆಮೇಲೆ ಗ್ರಂಥಾಲಯ ವಿಜ್ಞಾನ ಓದಿ, ಈಗ ಜಿಲ್ಲೆಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದಾಳೆ. ಗ್ರಂಥಪಾಲಕರ ಸಂಘವೊಂದರಲ್ಲಿ ಕಂಪ್ಯೂಟರು, ತಂತ್ರಾಂಶಗಳ ವಿಷಯ ನೋಡಿಕೊಳ್ಳುವ ಸಮಿತಿಗೆ ಚುನಾವಣೆ ಬರುತ್ತಿದೆಯಂತೆ. "ಮಾಷ್ಟ್ರೇ, ಸಂಚಾಲಕಿ ಸ್ಥಾನಕ್ಕೆ ನಿಲ್ಲಬೇಕೆಂದಿದ್ದೇನೆ. ಮನೆಯಲ್ಲಿ ಬೇಡ ಎನ್ನುತ್ತಾರೆ. ನೀವೇನು ಹೇಳುತ್ತೀರಿ?" ಎಂದು ಕೇಳಿದಳು.

ನಾವು ಕೂಡಲೇ ಉತ್ತರ ಕೊಡಲಿಲ್ಲ. "ನೋಡುವ" ಎಂದೆವು. ಇದ್ದ ಕೆಲಸವನ್ನು ಮರ್ಯಾದೆಯಿಂದ ಮಾಡಿಕೊಂಡಿದ್ದರೆ ಸಾಕು, ಪದವಿಯ ಗೊಡವೆ ಯಾಕೆ ಎಂಬ ನಮ್ಮ ಗಡಿನಾಡಿನ ಹಳೆಯ ಬುದ್ಧಿಯೇ ಆ ಮಾತಿನಲ್ಲಿ ಅಡಗಿತ್ತು. ಅವಳು ಹೋದ ಮೇಲೆ ಅದು ನಮ್ಮನ್ನೇ ಚುಚ್ಚತೊಡಗಿತು. ದಿನ ಬೆಳಗಾದರೆ ಮಕ್ಕಳಿಗೆ ಮುಂದೆ ಬನ್ನಿ ಎಂದು ಉಪದೇಶ ಮಾಡುವವರು ನಾವು. ಮುಂದೆ ಬರಲು ಸಿದ್ಧಳಾದವಳಿಗೆ ಧೈರ್ಯದ ಒಂದು ಮಾತು ಹೇಳಲು ನಮ್ಮಿಂದ ಆಗಲಿಲ್ಲ. ಅಂದು ಹೇಳಬೇಕಾಗಿದ್ದ ಉತ್ತರವನ್ನು ಇಂದು ಎಲ್ಲರ ಎದುರಿಗೇ ಹೇಳುತ್ತೇವೆ. ಇದರಲ್ಲಿ ನಮ್ಮೆಲ್ಲರ ಮನೆಯ ಮಕ್ಕಳ ಓದು ಸೇರಿಕೊಂಡಿದೆ.

ಗ್ರಂಥಾಲಯವೆಂದರೆ ಕಪಾಟು, ಬೀಗದ ಕೈ, ದಪ್ಪ ರಿಜಿಸ್ಟರು ಎಂದಿದ್ದ ಕಾಲ ಹೋಯಿತು. ಪುಸ್ತಕಗಳ ಪಟ್ಟಿ ಈಗ ಕಂಪ್ಯೂಟರಿಗೆ ಏರುತ್ತಿದೆ. ಕೇರಳದ ಅನೇಕ ಕಾಲೇಜು ಗ್ರಂಥಾಲಯಗಳಲ್ಲಿ 'ಕೋಹ' ಎಂಬ ತಂತ್ರಾಂಶ ಬಳಕೆಯಲ್ಲಿದೆ. ದೂರದ ನ್ಯೂಜಿಲೆಂಡಿನ ಒಂದು ಸಣ್ಣ ಊರಿನ ಗ್ರಂಥಾಲಯಕ್ಕಾಗಿ 1999ರಲ್ಲಿ ಅದನ್ನು ತಯಾರಿಸಿದರು. 2000ದ ಜನವರಿಯಿಂದ ಅದು ಕೆಲಸಕ್ಕೆ ತೊಡಗಿತು. ಅಲ್ಲಿನ ಮಾವೊರಿ ಜನರ ಭಾಷೆಯಲ್ಲಿ ಕೋಹ ಎಂದರೆ ಕೊಡುಗೆ. ಹೆಸರಿಗೆ ತಕ್ಕಂತೆ ಅದಕ್ಕೆ ಬೆಲೆ ಕೊಡಬೇಕಾಗಿಲ್ಲ. ತಿಳಿದವರು ತಮಗೆ ಬೇಕಾದಂತೆ ತಿದ್ದಿಕೊಳ್ಳಲೂಬಹುದು. ಆದರೆ ಕೊಡುಗೆ ಎಷ್ಟೇ ದೊಡ್ಡದಾದರೂ ಅದನ್ನು ನಮ್ಮ ಭಾಷೆಗೆ ಹೊಂದಿಸಿಕೊಳ್ಳುವ ಕೆಲಸ ನಮ್ಮವರೇ ಮಾಡಬೇಕು.

ಎರಡು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಮಕ್ಕಳನ್ನು ಒಂದು ದೊಡ್ಡ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿದ್ದೆವು. ಒಬ್ಬ ಹುಡುಗ ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' ಬೇಕೆಂದು ಕಂಪ್ಯೂಟರಿನಲ್ಲಿ ಹೆಸರನ್ನು ಕನ್ನಡ ಅಕ್ಷರಗಳಲ್ಲಿ ಹುಡುಕಿದ. ಪುಸ್ತಕ ಇಲ್ಲ ಎಂದು ಬಂತು. ಕಾರಂತರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಬಂದ ಕಾದಂಬರಿಯದು; ಇಲ್ಲದಿರುವುದುಂಟೇ ಎಂದು ನಾವೇ ಕಪಾಟಿನ ಬಳಿಗೆ ಹೋಗಿ ನೋಡಿದರೆ ಎರಡು ಪ್ರತಿಗಳು ಕುಳಿತಿದ್ದವು! ಪಟ್ಟಿಯಲ್ಲಿ ಹೆಸರನ್ನು ರೋಮನ್ ಅಕ್ಷರಗಳಲ್ಲಿ ಬರೆದಿದ್ದರು. ಒಂದು ಪ್ರತಿಗೆ 'ಮೂ' ಎಂಬಲ್ಲಿ ಎರಡು 'ಓ' ಹಾಕಿದ್ದರೆ, ಇನ್ನೊಂದಕ್ಕೆ ಒಂದು 'ಯು' ಹಾಕಿದ್ದರು. "ಸರ್, ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲವಾ?" ಎಂದು ಆ ಹುಡುಗ ಕೇಳಿದ.

ಕಂಪ್ಯೂಟರಿಗೆ ಕನ್ನಡ ಬರುತ್ತದೆ. ಯೂನಿಕೋಡ್ ಎಂಬ ಅಂತಾರಾಷ್ಟ್ರೀಯ ಲಿಪಿ ವ್ಯವಸ್ಥೆ 1991ರಲ್ಲಿ ಮೊದಲ ಬಾರಿಗೆ ಹೊರಬಂದಾಗಲೇ ಅದರಲ್ಲಿ ಕನ್ನಡಕ್ಕೆ ಜಾಗವಿತ್ತು. ಪಟ್ಟಿಯನ್ನು ಯಾವ ಲಿಪಿಯಲ್ಲಿ ಮಾಡಬೇಕೆಂದು ತೀರ್ಮಾನಿಸುವಾಗ ಕನ್ನಡದ ಹೆಸರೆತ್ತಿದವರು ಯಾರೂ ಇರಲಿಲ್ಲ, ಅಷ್ಟೆ. ಯಾರೂ ಹಗೆಯಿಂದ ಮಾಡಿದ್ದಲ್ಲ. ಮಲಯಾಳ ಬಲ್ಲ ನಾಲ್ಕು ಜನ ಕುಳಿತು ಮಲಯಾಳ ಪುಸ್ತಕಗಳಿಗೆ ಒಳ್ಳೆಯ ಏರ್ಪಾಡು ಮಾಡಿಕೊಂಡಿರುತ್ತಾರೆ. ಕನ್ನಡ ಬಲ್ಲ ಒಬ್ಬರು ಅಲ್ಲಿ ಇಲ್ಲದಿದ್ದರೆ ಅದು ಅವರ ತಪ್ಪೋ, ನಮ್ಮ ತಪ್ಪೋ?

ಇಂತಹ ತೀರ್ಮಾನಗಳು ಮುಖ್ಯವಾಗಿ ಮೂರು. ಮೊದಲನೆಯದು ಲಿಪಿ. ಪುಸ್ತಕದ ಹೆಸರು ಅದರ ಮುಖಪುಟದಲ್ಲಿರುವ ಅಕ್ಷರಗಳಲ್ಲೇ ದಾಖಲಾಗಬೇಕು. ರೋಮನ್ ರೂಪ ಬೇಕಿದ್ದರೆ ಜತೆಗಿರಲಿ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಟೈಪು ಮಾಡಿಟ್ಟ ಪಟ್ಟಿಗಳಿದ್ದರೆ ಅವುಗಳನ್ನೂ ಬದಲಾಯಿಸಬೇಕು. ಇಲ್ಲವಾದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳಷ್ಟೇ ಕಾಣುತ್ತವೆ.

ಎರಡನೆಯದು ಹೆಸರು. ನಮ್ಮ ಮಂಜೇಶ್ವರದ ರಾಷ್ಟ್ರಕವಿಯನ್ನು ಒಬ್ಬರು 'ಎಂ. ಗೋವಿಂದ ಪೈ' ಎಂದು ಬರೆದರೆ, ಮತ್ತೊಬ್ಬರು 'ಮಂಜೇಶ್ವರ ಗೋವಿಂದ ಪೈ' ಎಂದೂ, ಮಗದೊಬ್ಬರು 'ಪೈ, ಗೋವಿಂದ' ಎಂದೂ ಬರೆಯುತ್ತಾರೆ. ಯಂತ್ರದ ಲೆಕ್ಕಕ್ಕೆ ಅವರು ಮೂವರು ಬೇರೆ ಬೇರೆ ಲೇಖಕರು. ಕಯ್ಯಾರ ಕಿಞ್ಞಣ್ಣ ರೈಗಳ ಹೆಸರಿನಲ್ಲಿರುವ 'ಞ್ಞ'ವನ್ನು ರೋಮನ್ ಅಕ್ಷರಗಳಲ್ಲಿ ಹತ್ತು ಜನ ಹತ್ತು ಬಗೆಯಾಗಿ ಬರೆದಾರು. ಯಾವ ರೂಪ ಪ್ರಧಾನ, ಯಾವುದು ಅದಕ್ಕೆ ಸೇರಿದ್ದು ಎಂದು ನಿಶ್ಚಯಿಸಲು ಕನ್ನಡ ಓದಿದ ಗ್ರಂಥಪಾಲಕರೇ ಆಗಬೇಕು.

ಮೂರನೆಯದು ಭಾಷೆಯ ಗುರುತು. ಪ್ರತಿ ಪುಸ್ತಕದ ದಾಖಲೆಯಲ್ಲೂ ಭಾಷೆಯನ್ನು ಸೂಚಿಸುವ ಮೂರು ರೋಮನ್ ಅಕ್ಷರಗಳ ಸಂಕೇತವೊಂದು ಇರಬೇಕು. ಕನ್ನಡಕ್ಕೆ ಕೆ, ಎ, ಎನ್ ಎಂಬ ಮೂರು ಅಕ್ಷರಗಳು. ಇದನ್ನು ಸರಿಯಾಗಿ ತುಂಬಿಸಿದರೆ ಕಳೆದ ವರ್ಷ ಎಷ್ಟು ಕನ್ನಡ ಪುಸ್ತಕಗಳು ಓದುಗರ ಕೈಗೆ ಹೋದವು ಎಂದು ನಿಮಿಷದಲ್ಲಿ ಲೆಕ್ಕ ತೆಗೆಯಬಹುದು. ತುಂಬಿಸದಿದ್ದರೆ ಲೆಕ್ಕವಿಲ್ಲ. ಲೆಕ್ಕ ತೋರಿಸಲಾಗದವರು ಮುಂದಿನ ವರ್ಷ ಕನ್ನಡ ಪುಸ್ತಕಗಳಿಗೆ ಹಣ ಬೇಕೆಂದು ಯಾವ ಬಾಯಿಂದ ಕೇಳುವುದು?

ಕೇಳುವವರಿಲ್ಲದೆ ಹೋದರೆ ಏನಾಗುತ್ತದೆಂಬುದರ ಒಂದು ನೋಟ ನಮಗೆ ತೆಲಂಗಾಣದ ಮನೂರಿನಲ್ಲಿ ಸಿಕ್ಕಿತು. ಟಿ.ಸಿ.ಎಚ್. ತರಬೇತಿಯಲ್ಲಿ ನಮ್ಮ ಜತೆಗಿದ್ದ ಬೀದರಿನ ಗೆಳೆಯರ ತಂಗಿಯನ್ನು ಆ ಊರಿಗೆ ಕೊಟ್ಟಿದ್ದಾರೆ. ಒಂದು ಬೇಸಗೆ ರಜೆಯಲ್ಲಿ ಗೆಳೆಯರೊಂದಿಗೆ ಅಲ್ಲಿಗೆ ಹೋಗಿದ್ದೆವು. ಮನೂರು ನಾರಾಯಣಖೇಡದ ಕಡೆಯದು, ಇಂದಿನ ಸಂಗಾರೆಡ್ಡಿ ಜಿಲ್ಲೆಗೆ ಸೇರಿದ್ದು. ನಾರಾಯಣಖೇಡ, ಜಹೀರಾಬಾದು ಹಿಂದೆ ಬೀದರ ಜಿಲ್ಲೆಯಲ್ಲಿದ್ದವು; ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಅವು ಆಂಧ್ರಕ್ಕೆ ಹೋದವು. ಅದೇ ದಿನ ನಮ್ಮ ಕಾಸರಗೋಡು ಕೇರಳಕ್ಕೆ ಬಂತು. ಒಂದೇ ದಿನ, ಒಂದೇ ಗೆರೆ ಎಳೆಯುವ ಕೆಲಸದಲ್ಲಿ ಹೊರಗುಳಿದವರು ಅವರು ಮತ್ತು ನಾವು.

ಆ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜನೊಬ್ಬರಿದ್ದರು. ನಾವು ಕನ್ನಡ ಮಾಷ್ಟ್ರೆಂದು ತಿಳಿದ ಕೂಡಲೇ ಒಳಗಿನಿಂದ ಒಂದು ತಗಡಿನ ಪೆಟ್ಟಿಗೆ ತರಿಸಿದರು. ತುಂಬ ಹಳೆಯ ಕನ್ನಡ ಪುಸ್ತಕಗಳು. ವಚನ, ಪುರಾಣ, ಕೆಲವು ನಾಟಕ. "ಮನ್ಯಾಗ ಮಾತು ಕನ್ನಡ ಅದ ರೀ. ಹುಡುಗೂರು ಓದೋದು ಬರಿಯೋದು ತೆಲುಗು, ಇಂಗ್ಲಿಷು. ಇವನ್ನ ಯಾರ ಕೈಗೆ ಕೊಡ್ಲಿ?" ಎಂದರು. ಗ್ರಂಥಾಲಯಕ್ಕೆ ಕೊಡಬಹುದಲ್ಲ ಎಂದೆವು. "ಕೊಟ್ರ ಅಲ್ಲಿ ಓದಿ ಪಟ್ಟಿ ಬರ್ಕೊಳ್ಳೋರು ಯಾರ್ ರೀ?" ಎಂದು ಅಜ್ಜ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ತೆಲಂಗಾಣದಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಆಂಧ್ರದ 1960ರ ಕಾನೂನಿನ ಹಾದಿಯಲ್ಲೇ ನಡೆಯುತ್ತಿವೆ. ಜಿಲ್ಲೆಗೊಂದು ಗ್ರಂಥಾಲಯ ಸಂಸ್ಥೆ. ಅಧ್ಯಕ್ಷರನ್ನು ಸರಕಾರವೇ ನಾಮಕರಣ ಮಾಡುತ್ತದೆ. ಕನ್ನಡದ ಮನೆಗಳು ಮತ ಹಾಕಿ ಒಬ್ಬರನ್ನು ಕಳುಹಿಸುವ ದಾರಿ ಅಲ್ಲಿಲ್ಲ. ನಮ್ಮ ಕೇರಳದಲ್ಲಿ ಹಾಗಲ್ಲ. 1945ರಲ್ಲಿ ಪಿ.ಎನ್. ಪಣಿಕ್ಕರರು 47 ಗ್ರಂಥಾಲಯಗಳ ಪ್ರತಿನಿಧಿಗಳನ್ನು ಅಂಬಲಪುಳದಲ್ಲಿ ಸೇರಿಸಿ ಕಟ್ಟಿದ ಗ್ರಂಥಶಾಲಾ ಸಂಘವೇ ಬೆಳೆದು, 1989ರ ಕಾನೂನಿನ ಮೂಲಕ ಇಂದಿನ ಲೈಬ್ರರಿ ಕೌನ್ಸಿಲ್ ಆಗಿದೆ. ಊರಿನ ಗ್ರಂಥಾಲಯಗಳಿಂದ ಆರಿಸಿಹೋದವರು ತಾಲೂಕಿನಲ್ಲಿ, ಅಲ್ಲಿಂದ ಜಿಲ್ಲೆಯಲ್ಲಿ, ಅಲ್ಲಿಂದ ರಾಜ್ಯದಲ್ಲಿ ಕುಳಿತುಕೊಳ್ಳುತ್ತಾರೆ. ಕಟ್ಟಡ ತೆರಿಗೆಯ ಜತೆಗೆ ಗ್ರಂಥಾಲಯ ಕರವನ್ನು ನಾವೂ ಕೊಡುತ್ತೇವೆ. ಮನೂರಿನ ಅಜ್ಜನಿಗೆ ಇಲ್ಲದ ಬಾಗಿಲು ನಮಗೆ ತೆರೆದಿದೆ. ನಾವು ಹೊಸ್ತಿಲ ಹೊರಗೆ ನಿಂತು ಒಳಗಿನವರನ್ನು ದೂರುತ್ತಿದ್ದೇವೆ.

ಗ್ರಂಥಪಾಲಕರಿಗೆ ಪದವಿ ಯಾಕೆ ಎಂದು ಕೇಳುವವರು ಎಸ್.ಆರ್. ರಂಗನಾಥನ್ ಅವರನ್ನು ನೆನೆಯಬೇಕು. ಅವರು ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಪುಸ್ತಕಗಳ ನಡುವೆ ಸುಮ್ಮನೆ ಕುಳಿತುಕೊಳ್ಳಲಿಲ್ಲ. 1928ರಲ್ಲಿ ಮದ್ರಾಸು ಗ್ರಂಥಾಲಯ ಸಂಘ ಹುಟ್ಟಿದಾಗ ಅದರ ಕಾರ್ಯದರ್ಶಿಯಾದರು. ಮುಂದೆ ಭಾರತೀಯ ಗ್ರಂಥಾಲಯ ಸಂಘದ ಅಧ್ಯಕ್ಷರೂ ಆದರು. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾನೂನು 1948ರಲ್ಲಿ ಮದ್ರಾಸಿನಲ್ಲಿ ಬಂದುದರ ಹಿಂದೆ ಅವರ ಎರಡು ದಶಕಗಳ ದುಡಿಮೆಯಿತ್ತು. ಆಗ ನಮ್ಮ ಕಾಸರಗೋಡು ಕೂಡ ಮದ್ರಾಸು ಪ್ರಾಂತಕ್ಕೇ ಸೇರಿತ್ತು. ಕೆಲಸ ಬಲ್ಲವರು ಸಂಘದ ಹೊಣೆ ಹೊತ್ತುದರಿಂದಲೇ ಕಾನೂನಾಯಿತು.

ಅಮೆರಿಕದ ಗ್ರಂಥಾಲಯ ಸಂಘದಲ್ಲಿ ತಂತ್ರಜ್ಞಾನಕ್ಕೆಂದೇ ಒಂದು ವಿಭಾಗ 1966ರಲ್ಲಿ ಹುಟ್ಟಿತು. 2020ರಲ್ಲಿ ಬೇರೆರಡು ವಿಭಾಗಗಳೊಂದಿಗೆ ಸೇರಿ ಅದು ಹೊಸ ಹೆಸರು ಪಡೆಯಿತು. ಅಲ್ಲಿ ಪದವಿಗೆ ನಿಲ್ಲುವ ಗ್ರಂಥಪಾಲಕರು, ತಾವು ಏನು ಮಾಡಿದ್ದೇವೆ, ಮುಂದೇನು ಮಾಡುತ್ತೇವೆ ಎಂದು ಸದಸ್ಯರ ಮುಂದೆ ಬರೆದಿಡುತ್ತಾರೆ. ಅದನ್ನು ಓದಿ ಸದಸ್ಯರು ಮತ ಹಾಕುತ್ತಾರೆ. ಪದವಿ ಕೇಳುವುದನ್ನು ಅಲ್ಲಿ ನಾಚಿಕೆಗೇಡು ಎಂದು ಯಾರೂ ತಿಳಿಯುವುದಿಲ್ಲ. ಲಿಖಿತವಾಗಿ ಮಾತು ಕೊಟ್ಟವರನ್ನು ಆಮೇಲೆ ಪ್ರಶ್ನಿಸುವುದೂ ಸುಲಭ.

ಇದಕ್ಕೆ ಆಕ್ಷೇಪಣೆಗಳಿವೆಯೆಂದು ನಾವು ಬಲ್ಲೆವು. ಸಂಘವೆಂದರೆ ರಾಜಕೀಯ ಎನ್ನುತ್ತಾರೆ. ಇರಬಹುದು, ಒಳ್ಳೆಯವರು ದೂರ ನಿಂತಷ್ಟೂ ಅದು ಹೆಚ್ಚುತ್ತದೆ. ಸಭೆಯೆಲ್ಲ ಮಲಯಾಳದಲ್ಲಿ ನಡೆಯುತ್ತದೆ, ನಮ್ಮವರು ಮಾತಾಡುವುದು ಹೇಗೆ ಎನ್ನುತ್ತಾರೆ. ನಮ್ಮ ಮಕ್ಕಳು ಪೇಟೆಯಲ್ಲಿ, ಬಸ್ಸಿನಲ್ಲಿ ಮಲಯಾಳ ಮಾತಾಡುತ್ತಲೇ ಬೆಳೆದವರು. ಅದೇ ಮಾತಿನಲ್ಲಿ ಕನ್ನಡದ ಬೇಡಿಕೆಯನ್ನು ಮುಂದಿಡಲು ಏನು ಅಡ್ಡಿ? ಸರಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಹಕ್ಕನ್ನು ಕೇರಳದ 1969ರ ಆಡಳಿತ ಭಾಷಾ ಕಾನೂನು ಭಾಷಾ ಅಲ್ಪಸಂಖ್ಯಾತರಾದ ನಮಗೆ ಕೊಟ್ಟಿದೆ. ಹಕ್ಕು ಕಾಗದದಲ್ಲಿದ್ದರೆ ಸಾಲದು, ಬಳಸುವವರು ಬೇಕು.

ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು. ನಮ್ಮ ಊರುಗಳ ಎಷ್ಟೋ ವಾಚನಾಲಯಗಳಲ್ಲಿ ಅಲ್ಪ ಗೌರವಧನಕ್ಕೆ ದುಡಿಯುವವರು ಹೆಣ್ಣುಮಕ್ಕಳು. ಪುಸ್ತಕ ಕೊಡುವುದು, ಪಡೆಯುವುದು, ಧೂಳು ಒರೆಸುವುದು, ಸಭೆಯ ದಿನ ಚಹಾ ಕೊಡುವುದು ಎಲ್ಲ ಅವರ ಪಾಲು. ವೇದಿಕೆಯ ಕುರ್ಚಿ ಮಾತ್ರ ಬೇರೆಯವರದು. ಯಾವ ಪುಸ್ತಕ ಯಾರ ಮನೆಗೆ ಹೋಗಿದೆ, ಯಾವ ಮಗು ಏನು ಓದುತ್ತದೆ ಎಂದು ಬಲ್ಲವಳು ಸಮಿತಿಗೆ ನಿಲ್ಲುತ್ತೇನೆಂದರೆ ಮನೆಯವರು ಬೇಡವೆನ್ನುವುದು, ಮಾಷ್ಟ್ರು "ನೋಡುವ" ಎನ್ನುವುದು ನ್ಯಾಯವಲ್ಲ.

ಆದುದರಿಂದ ಕನ್ನಡ ಮನೆಗಳವರಲ್ಲಿ ನಮ್ಮ ಬಿನ್ನಹ ಇಷ್ಟೆ. ಊರಿನ ಗ್ರಂಥಾಲಯಕ್ಕೆ ಮನೆಯಿಂದ ಒಬ್ಬರಾದರೂ ಸದಸ್ಯರಾಗಿ. ವಾರ್ಷಿಕ ಮಹಾಸಭೆಗೆ ಹೋಗಿ, ಕೊನೆಯ ತನಕ ಕುಳಿತುಕೊಳ್ಳಿ. ಮತ ಕೇಳಲು ಬಂದವರು ಕನ್ನಡಿಗರಿರಲಿ, ಮಲಯಾಳಿಗಳಿರಲಿ, ಮೂರು ಪ್ರಶ್ನೆ ಕೇಳಿ: ಕನ್ನಡ ಪುಸ್ತಕಗಳ ಪಟ್ಟಿಯನ್ನು ಕನ್ನಡ ಲಿಪಿಯಲ್ಲೇ ಮಾಡಿಸುತ್ತೀರಾ? ಕನ್ನಡ ಬಲ್ಲವರಿಗೆ ತಂತ್ರಾಂಶದ ತರಬೇತಿ ಕೊಡಿಸುತ್ತೀರಾ? ವರ್ಷಕ್ಕೆ ಎಷ್ಟು ಕನ್ನಡ ಪುಸ್ತಕಗಳು ಕೊಂಡವು, ಎಷ್ಟು ಓದಿಗೆ ಹೋದವು ಎಂಬ ಲೆಕ್ಕವನ್ನು ಸಭೆಯ ಮುಂದಿಡುತ್ತೀರಾ? ಹೌದೆಂದವರಿಗೆ ಮತ ಕೊಡಿ. ಕೊಟ್ಟ ಮೇಲೆ ನೆನಪಿಸುತ್ತಿರಿ. ಕನ್ನಡಿಗನೆಂಬ ಒಂದೇ ಕಾರಣಕ್ಕೆ ಏನೂ ತಿಳಿಯದವನನ್ನು ಆರಿಸಿ ಕಳುಹಿಸಿದರೆ ಅದರಿಂದ ಕನ್ನಡಕ್ಕೇ ನಷ್ಟ.

ನಮ್ಮ ವಿದ್ಯಾರ್ಥಿನಿಗೂ ಎರಡು ಮಾತು. ನಿಲ್ಲು ಮಗಳೇ. ಗೆದ್ದರೆ ಆ ಮೂರು ಕೆಲಸಗಳನ್ನು ಮರೆಯಬೇಡ. ಸೋತರೂ ಅವುಗಳನ್ನು ಸಭೆಯ ದಾಖಲೆಯಲ್ಲಿ ಬರೆಸಿ ಬಾ. ಮನೂರಿನ ಅಜ್ಜ ಕೇಳಿದ ಪ್ರಶ್ನೆಯನ್ನು ನಾಳೆ ನಮ್ಮ ಬದಿಯಡ್ಕದಲ್ಲೋ ಕುಂಬಳೆಯಲ್ಲೋ ಒಬ್ಬ ಅಜ್ಜ ಕೇಳಿದರೆ, ಬರೆದುಕೊಳ್ಳುವವರು ಇದ್ದಾರೆ ಎಂದು ಹೇಳುವ ಧೈರ್ಯ ನಮಗಿರಬೇಕು. ನಿನ್ನ ಮನೆಯವರೊಡನೆ ಮಾತಾಡಲು ಬರುವ ಭಾನುವಾರ ನಾವೇ ಬರುತ್ತೇವೆ.