ಊರೊಟ್ಟಿನ ಮಾತು

ಹಳ್ಳಿಯನ್ನು ಕುರಿತು ಬರೆಯಲು ಕುಳಿತಾಗ ನಮ್ಮ ಲೇಖನಿಗೆ ಸಹಜವಾಗಿ ಒದಗುವ ವಸ್ತುಗಳು ಜಾತ್ರೆ, ಸುಗ್ಗಿ, ಗುಡಿಯ ಕಟ್ಟೆ, ಬೀಸುವ ಕಲ್ಲಿನ ಹಾಡು. ನಲ್ಲಿಯ ನೀರು, ಓಣಿಯ ಗಟಾರ, ಬೀದಿಯ ದೀಪ, ಸ್ಮಶಾನದ ದಾರಿ ಇವುಗಳಿಗೆ ಸಾಹಿತ್ಯದ ಪುಟದಲ್ಲಿ ಸ್ಥಳ ದೊರೆಯುವುದು ವಿರಳ. ಅವು ಪಂಚಾಯತಿಯ ಕಡತಕ್ಕೆ ಸೇರಿದ ಸಂಗತಿಗಳೆಂದು ಬಗೆದು ನಾವು ಸುಮ್ಮನಿರುತ್ತೇವೆ. ಆದರೆ ಒಂದು ಊರು ಊರಾಗಿ ಉಳಿಯುವುದೋ, ಒತ್ತೊತ್ತಾಗಿ ನಿಂತ ಮನೆಗಳ ಗುಂಪಾಗುವುದೋ ಎಂಬ ಪ್ರಶ್ನೆ ತೀರ್ಮಾನವಾಗುವುದು ಬಹುಮಟ್ಟಿಗೆ ಆ ಕಡತದಲ್ಲಿಯೇ. ಆದುದರಿಂದ ಅದನ್ನು ಬಿಚ್ಚಿ ನೋಡುವುದು ಸಾಹಿತ್ಯದ ವಿದ್ಯಾರ್ಥಿಗೂ ಅನುಚಿತವಾಗಲಾರದು.

ಬೀದರ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಘಾಟಬೋರಾಳ, ಇದನ್ನು ಬರೆಯುವಾಗ ನನ್ನ ಮನಸ್ಸಿನಲ್ಲಿರುವ ಊರು. ಹುಮನಾಬಾದಿನ ಪೇಟೆಗೂ ಬಸವಕಲ್ಯಾಣದ ಕೋಟೆಗೂ ನೆರೆಯಾಗಿರುವ ಈ ದೊಡ್ಡ ಗ್ರಾಮಕ್ಕೆ ತನ್ನದೇ ಆದ ಗ್ರಾಮ ಪಂಚಾಯತಿ ಇದೆ. ತೊಗರಿ, ಜೋಳ, ಸೋಯಾ, ಕಬ್ಬು ಬೆಳೆಯುವ ಸೀಮೆ ಇದು. ಇಲ್ಲಿಯ ಊರುಗಳಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕೇಳಿಬರುವುದು ವಿಶೇಷವೇನಲ್ಲ. ತಾಂಡೆಗಳಲ್ಲಿ ಲಂಬಾಣಿ ಬೇರೆ. ಜನರ ಹಬ್ಬಗಳು ಬೇರೆ, ಮದುವೆಯ ಸಂಬಂಧಗಳು ಬೇರೆ, ಕೈಮುಗಿಯುವ ತಾಣಗಳೂ ಬೇರೆ. ಆದರೆ ಗಟಾರ ತುಂಬಿ ಹರಿದಾಗ ಅದು ಭಾಷೆಯನ್ನು ಕೇಳಿ ಮನೆಯೊಳಗೆ ಬರುವುದಿಲ್ಲ. ‘ಊರಿಗೆ ಬಂದವಳು ನೀರಿಗೆ ಬಾರದಿರುವಳೆ?’ ಎಂದು ನಮ್ಮ ಗಾದೆ ಕೇಳುತ್ತದೆ. ನೀರಿನ ಬಳಿ ಎಲ್ಲರೂ ಬರಲೇಬೇಕು. ಬಂದವರೆಲ್ಲರೂ ಒಂದು ಕಡೆ ಕುಳಿತು ಆ ನೀರಿನ ಮಾತನ್ನು ಆಡಬೇಕು. ಹಾಗೆ ಆಡಲು ಕಾನೂನು ಕಲ್ಪಿಸಿಕೊಟ್ಟಿರುವ ಸ್ಥಳವೇ ಗ್ರಾಮಸಭೆ.

ಇಂಥ ಸಭೆಯ ಕಲ್ಪನೆ ಈ ನೆಲಕ್ಕೆ ಹೊಸದೇನೂ ಅಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಹಿಂದೂ ದಾಯಭಾಗದ ಗ್ರಂಥವೆಂದು ಮಾತ್ರ ಅದನ್ನು ನಾವು ನೆನೆಯುವುದುಂಟು. ಅದರ ವ್ಯವಹಾರಾಧ್ಯಾಯದಲ್ಲಿ ಜನರ ಜಗಳಗಳನ್ನು ತೀರಿಸುವ ಸಭೆಗಳ ಮಾತು ಬರುತ್ತದೆ. ಬಂಧುಗಳ ಸಮೂಹ ಕುಲ. ಜಾತಿ ಬೇರೆಯಾದರೂ ಒಂದೇ ಕಸುಬಿನಿಂದ ಜೀವಿಸುವವರ ಸಮೂಹ ಶ್ರೇಣಿ. ಜಾತಿಯೂ ಬೇರೆ, ಕಸುಬೂ ಬೇರೆ, ಆದರೆ ಒಂದೇ ಸ್ಥಳದಲ್ಲಿ ವಾಸಿಸುವವರ ಸಮೂಹ ಪೂಗ. ಕುಲದ ತೀರ್ಪು ಒಪ್ಪಿಗೆಯಾಗದವನು ಶ್ರೇಣಿಗೆ ಹೋಗಬಹುದು, ಶ್ರೇಣಿಯಿಂದ ಪೂಗಕ್ಕೆ ಹೋಗಬಹುದು, ಅದರ ಮೇಲೆ ಅರಸನ ಅಧಿಕಾರಿ. ಪೂಗ ಕೊಟ್ಟ ತೀರ್ಪನ್ನು ಕುಲದವರು ತಿದ್ದುವಂತಿಲ್ಲ.

ಪೂಗವು ನ್ಯಾಯ ಹೇಳುವ ಸಭೆ, ಇಂದಿನ ಪಂಚಾಯತಿ ಆಡಳಿತ ನಡೆಸುವ ಸಂಸ್ಥೆ. ಎರಡನ್ನೂ ಒಂದೇ ಎನ್ನಲಾಗದು. ಆ ಕಾಲದ ಪೂಗದಲ್ಲಿ ಎಲ್ಲ ಜಾತಿಯವರ ಮಾತಿಗೂ ಒಂದೇ ತೂಕವಿತ್ತೆಂದು ನಂಬುವಷ್ಟು ಭೋಳೆತನವೂ ಬೇಡ. ಆದರೂ ಆ ಮೂರು ಪದಗಳ ಅನುಕ್ರಮ ವಿಚಾರ ಮಾಡತಕ್ಕದ್ದು. ರಕ್ತದ ನಂಟಿಗಿಂತ ಕಸುಬಿನ ನಂಟು ದೊಡ್ಡದು, ಕಸುಬಿನ ನಂಟಿಗಿಂತ ನೆಲದ ನಂಟು ದೊಡ್ಡದು ಎಂಬ ತತ್ತ್ವ ಅದರಲ್ಲಿ ಅಡಗಿದೆ. ನಮ್ಮ ಗ್ರಾಮಸಭೆಗಳು ಈ ಮೂರರಲ್ಲಿ ಯಾವುದಾಗಿವೆ ಎಂಬುದೇ ಇಂದಿನ ಪ್ರಶ್ನೆ.

ಇಲ್ಲಿಗೆ ತಲುಪಲು ಈ ಸೀಮೆ ನಡೆದ ದಾರಿ ಸಣ್ಣದಲ್ಲ. ನಿಜಾಮರ ಆಳ್ವಿಕೆಯಲ್ಲಿ ಊರೆಂದರೆ ಮಾಲಿ ಪಾಟೀಲ, ಪೊಲೀಸ್ ಪಾಟೀಲ ಮತ್ತು ಪಟವಾರಿ. ಅವರ ಹುದ್ದೆಗಳು ವಂಶಪಾರಂಪರ್ಯದವು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ ಸೇರಿತು, 1949ರಲ್ಲಿ ಜಾಗೀರುಗಳು ರದ್ದಾದವು, 1956ರ ನವೆಂಬರ್ 1ರಂದು ಬೀದರವು ಮೈಸೂರು ರಾಜ್ಯದಲ್ಲಿ ಒಂದಾಯಿತು. 1959ರ ಗ್ರಾಮ ಪಂಚಾಯತಿಗಳ ಕಾಯ್ದೆ ಕನ್ನಡ ನಾಡಿನ ಭಾಗಗಳಲ್ಲಿ ಬೇರೆ ಬೇರೆಯಾಗಿದ್ದ ಪಂಚಾಯತಿ ಕಾನೂನುಗಳನ್ನು ಒಂದುಗೂಡಿಸಿತು. 1983ರ ಕಾಯ್ದೆಯಿಂದ ಮಂಡಲ ಪಂಚಾಯತಿಗಳು ಹುಟ್ಟಿ 1987ರಲ್ಲಿ ಅವುಗಳಿಗೆ ಚುನಾವಣೆ ನಡೆಯಿತು. ಅದರ ಹಿಂದಿದ್ದ ಸಚಿವರು ಅಬ್ದುಲ್ ನಜೀರ್ ಸಾಬ್. ಊರೂರಿಗೆ ಕೊಳವೆ ಬಾವಿ ಕೊಡಿಸಿದ ಅವರನ್ನು ಜನ ‘ನೀರ್ ಸಾಬ್’ ಎಂದು ಕರೆದರು. ಅಧಿಕಾರವನ್ನು ಹಳ್ಳಿಗೆ ಇಳಿಸಿದವರಿಗೆ ನೀರಿನ ಹೆಸರೇ ನಿಂತದ್ದು ಆಕಸ್ಮಿಕವಾಗಿರಲಾರದು. ಜನರ ಪಾಲಿಗೆ ಎರಡೂ ಒಂದೇ ಸಂಗತಿ. ಸಂವಿಧಾನದ 73ನೆಯ ತಿದ್ದುಪಡಿಯನ್ನು ಅನುಸರಿಸಿ ಬಂದ 1993ರ ಕಾಯ್ದೆ, ಹಲವು ತಿದ್ದುಪಡಿಗಳೊಡನೆ, ಗ್ರಾಮ ಸ್ವರಾಜ್ ಎಂಬ ಹೆಸರನ್ನೂ ಪಡೆದು ಈಗ ನಡೆಯುತ್ತಿದೆ.

ಈ ಕಾಯ್ದೆಯನ್ನು ಓದಿದರೆ ಅದು ಕಟ್ಟಬಯಸಿರುವುದು ಪೂಗವನ್ನೇ ಎಂಬುದು ಸ್ಪಷ್ಟವಾಗುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಸದಸ್ಯರಲ್ಲಿ ಹತ್ತರಲ್ಲೊಂದು ಪಾಲು ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಮೆಯೋ ಅಷ್ಟು ಜನ ಇರಬೇಕು. ಬಂದವರಲ್ಲಿ ನೂರಕ್ಕೆ ಮೂವತ್ತರಷ್ಟು ಸ್ತ್ರೀಯರಿರಬೇಕು. ಪಂಚಾಯತಿಯ ಚುನಾವಣೆಯಲ್ಲಿ ಪಕ್ಷಗಳ ಚಿಹ್ನೆಗೆ ಸ್ಥಳವಿಲ್ಲ. ಸ್ತ್ರೀಯರಿಗೆ ಅರ್ಧದಷ್ಟು ಸ್ಥಾನಗಳಿವೆ. 2020ರ ಡಿಸೆಂಬರಿನ ಚುನಾವಣೆಯಲ್ಲಿ ರಾಜ್ಯದ ಉಳಿದೆಡೆ ಮತಪತ್ರಗಳಿದ್ದಾಗ ಬೀದರ ಜಿಲ್ಲೆಯವರು ಮತಯಂತ್ರದ ಗುಂಡಿಯನ್ನೊತ್ತಿ ಪಂಚರನ್ನು ಆರಿಸಿದರು. ಹೊರಗಿನ ಸಾಧನಗಳಿಗೆ ಕೊರತೆಯಿಲ್ಲವೆಂದ ಹಾಗಾಯಿತು.

ಆದರೆ ಸಭೆಯ ಒಳಗೆ ನಡೆಯುವುದೇನು? ಈ ಭಾಗದ ಒಂದೆರಡು ಗ್ರಾಮಸಭೆಗಳಲ್ಲಿ ನಾನು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದ್ದೇನೆ. ಊರುಗಳ ಹೆಸರು ಇಲ್ಲಿ ಬೇಡ. ಎರಡು ತಾಸಿನ ಸಭೆಯಲ್ಲಿ ಒಂದೂವರೆ ತಾಸು ಮನೆಗಳ ಪಟ್ಟಿಗೆ ಹೋಯಿತು. ಯಾರಿಗೆ ಮನೆ, ಯಾರ ಹೆಸರು ಬಿಟ್ಟಿದೆ, ಯಾರ ಹೆಸರು ಎರಡು ಸಲ ಬಂದಿದೆ ಎಂಬುದರಲ್ಲಿ ದನಿಗಳು ಏರಿದವು. ನಡುವೆ ಒಬ್ಬ ಮುದುಕಿ ಎದ್ದು ನಿಂತು, “ಸಾಹೇಬ್ರೆ, ಮನಿ ಆಮ್ಯಾಲ ಕೊಡ್ರಿ, ಮೊದ್ಲ ಗಟಾರದ ನೀರು ನಮ್ಮ ಮನ್ಯಾಗ ಬರಾದು ನಿಂದ್ರಸ್ರಿ” ಎಂದಳು. “ಕೂಡ್ರಿ ಅವ್ವಾ, ಪಟ್ಟಿ ಮುಗೀಲಿ” ಎಂಬ ಉತ್ತರ ಬಂದಿತು. ಪಟ್ಟಿ ಮುಗಿದಾಗ ಜನರೂ ಎದ್ದಿದ್ದರು. ಗಟಾರದ ಮಾತಿಗೆ ಕಿವಿಗಳು ಉಳಿದಿರಲಿಲ್ಲ.

ಮನೆಯಿಲ್ಲದವನಿಗೆ ಮನೆಯ ಮಾತು ಸಣ್ಣದೆಂದು ಯಾರೂ ಹೇಳಬಾರದು. ಆದರೆ ಪಟ್ಟಿಯ ಸ್ವಭಾವವನ್ನು ಗಮನಿಸಬೇಕು. ಅಲ್ಲಿ ಒಬ್ಬನಿಗೆ ದೊರೆತದ್ದು ಇನ್ನೊಬ್ಬನಿಗೆ ತಪ್ಪುತ್ತದೆ. ಆದುದರಿಂದ ಪ್ರತಿಯೊಬ್ಬನೂ ತನ್ನವರನ್ನು ಕೂಡಿಸಿಕೊಂಡು ಬರುತ್ತಾನೆ. ಸಭೆ ಕುಲಗಳಾಗಿ ಒಡೆಯುತ್ತದೆ. ಇನ್ನು ಕಾಮಗಾರಿಯ ಮಾತು ಬಂದರೆ ಗುತ್ತಿಗೆ ಹಿಡಿಯುವವರ ಒಂದು ಶ್ರೇಣಿ ಮುಂದಿನ ಸಾಲಿನಲ್ಲಿ ಕುಳಿತಿರುತ್ತದೆ. ಗಟಾರ, ನೀರು, ದೀಪ, ದಾರಿ ಇವು ಹಾಗಲ್ಲ. ಅವು ಒಬ್ಬನಿಗೆ ಒದಗಿದರೆ ನೆರೆಯವನಿಗೂ ಒದಗುತ್ತವೆ. ಅವೇ ಊರೊಟ್ಟಿನ ಮಾತುಗಳು. ಜನರನ್ನು ಪೂಗವಾಗಿ ಕೂಡಿಸುವ ಮಾತುಗಳನ್ನು ಕೊನೆಗೆ ತಳ್ಳಿ, ಅವರನ್ನು ಒಡೆಯುವ ಮಾತುಗಳನ್ನು ಮೊದಲಿಗೆ ತರುವ ಸಭೆ ಬಹುಕಾಲ ಊರ ಸಭೆಯಾಗಿ ಉಳಿಯುವುದೆ?

ಹೀಗಾಗಲು ಕಾರಣವನ್ನು ಜನರ ಸ್ವಾರ್ಥದಲ್ಲಿ ಹುಡುಕುವುದು ಸುಲಭ. ನನಗೆ ತೋರುವ ಕಾರಣ ಹಣ ಬರುವ ದಿಕ್ಕಿನಲ್ಲಿದೆ. ಮನೆಗಳ ಮೇಲೆ ತೆರಿಗೆ ಹಾಕುವ, ನೀರಿಗೆ ಕರ ಎತ್ತುವ ಅಧಿಕಾರ ಪಂಚಾಯತಿಗೆ ಇದೆ. ಆದರೆ ಕೇಳುವ ಸದಸ್ಯನು ಕೊಡುವವನ ನೆರೆಯವನು. ಮುಂದಿನ ಸಲ ಮತ ಕೇಳಬೇಕಾದವನು. ಆದುದರಿಂದ ಕೇಳುವುದಕ್ಕಿಂತ ಮೇಲಿನಿಂದ ಬಂದದ್ದನ್ನು ಹಂಚುವುದು ಅವನಿಗೆ ಹಿತ. ಮೇಲಿನ ಹಣವೂ ತನ್ನ ನಿಬಂಧನೆಯೊಡನೆ ಬರುತ್ತದೆ. 15ನೆಯ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅವಧಿಗೆ ಪಂಚಾಯತಿಗಳ ಅನುದಾನದಲ್ಲಿ ನೂರಕ್ಕೆ 60 ಪಾಲನ್ನು ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಮೀಸಲಿಟ್ಟಿತು. ಉದ್ದೇಶ ಒಳ್ಳೆಯದು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆ ತಲೆಗೆ ದಿನಕ್ಕೆ 55 ಲೀಟರಿನಂತೆ ಮನೆಮನೆಗೂ ನಲ್ಲಿಯ ನೀರು ಕೊಡುವ ಗುರಿಯನ್ನಿಟ್ಟಿತು. ಅದೂ ಒಳ್ಳೆಯದು. ಆದರೆ ಪೈಪು ಹೂಳುವುದು ಒಂದು ಸಲದ ಕೆಲಸ. ನೀರು ಬಿಡುವುದು ನಿತ್ಯದ ಕೆಲಸ. ಪಂಪಿನ ಕರೆಂಟ್ ಬಿಲ್ಲು, ವಾಟರ್‌ಮನ್‌ನ ಸಂಬಳ, ಒಡೆದ ವಾಲ್ವ್, ಬೇಸಗೆಯಲ್ಲಿ ಬತ್ತುವ ಬೋರ್ ಇವುಗಳ ಹೊಣೆ ಯೋಜನೆ ಮುಗಿದ ಮೇಲೂ ಊರಿನ ಮೇಲೆಯೇ ಇರುತ್ತದೆ.

ಇಲ್ಲಿ ಒಂದು ಸುಳಿ ಹುಟ್ಟುತ್ತದೆ. ಬಾರದ ನೀರಿಗೆ ಕರವೇಕೆ ಎಂದು ಊರವನು ಕೇಳುತ್ತಾನೆ. ಕರವಿಲ್ಲದೆ ನೀರೆಲ್ಲಿಂದ ಎಂದು ಪಂಚಾಯತಿ ಕೇಳುತ್ತದೆ. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ಆದರೆ ಸುಳಿಯಿಂದ ಮೊದಲು ಹೊರಬರಬೇಕಾದುದು ಪಂಚಾಯತಿ, ಏಕೆಂದರೆ ಲೆಕ್ಕದ ಪುಸ್ತಕ ಅದರ ಕೈಯಲ್ಲಿದೆ. ಎಷ್ಟು ಬಂದಿತು, ಎಷ್ಟು ಪಂಪಿಗೆ ಹೋಯಿತು, ಎಷ್ಟು ಮನೆಗಳಿಂದ ಕರ ಬಾಕಿ ಎಂಬುದನ್ನು ಗೋಡೆಯ ಮೇಲೆ ಬರೆದರೆ, ಕೊಡದವನು ಕೊಟ್ಟವನ ಕಣ್ಣಿಗೆ ಬೀಳುತ್ತಾನೆ. ಕೊಟ್ಟವನು ಪಂಚಾಯತಿಯ ಕಟ್ಟೆಯ ಮೇಲೆ ನಿಂತು ದನಿಯೆತ್ತಿ ಕೇಳುತ್ತಾನೆ. ಕರ ಕೊಟ್ಟು ಕೇಳುವವನ ದನಿಯೇ ಬೇರೆ, ಕೈಚಾಚಿ ಕೇಳುವವನ ದನಿಯೇ ಬೇರೆ.

ಊರೊಟ್ಟಿನ ಈ ಹೊಗಳಿಕೆಯನ್ನು ಕೇಳಿ ವಾಚಕರಲ್ಲಿ ಕೆಲವರಿಗೆ ಸಂಶಯ ಮೂಡಬಹುದು; ಮೂಡಬೇಕು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸಿದ ಡಾ. ಅಂಬೇಡ್ಕರರು, ಹಳ್ಳಿಯನ್ನು ಗಣರಾಜ್ಯವೆಂದು ಹಾಡುವವರನ್ನು ಕಟುವಾಗಿ ಖಂಡಿಸಿ, ಅದು ಸಂಕುಚಿತತೆಯ, ಅಜ್ಞಾನದ ತವರೆಂದರು. ಅದೇ ತಿಂಗಳ 22ರಂದು ಕೆ. ಸಂತಾನಂ ಅವರ ಸೂಚನೆಯಂತೆ ಗ್ರಾಮ ಪಂಚಾಯತಿಗಳ ವಿಧಿ, ಇಂದಿನ 40ನೆಯದು, ಸೇರಿತು. ಅಂಬೇಡ್ಕರರು ಅದನ್ನು ಒಪ್ಪಿಕೊಂಡರು. ಟೀಕೆ ಮತ್ತು ಒಪ್ಪಿಗೆ ಎರಡೂ ನಮಗೆ ಪಾಠ. ಊರೊಟ್ಟು ಎಂಬ ಮಾತಿನ ಮರೆಯಲ್ಲಿ ನಾಲ್ಕು ಮನೆತನಗಳ ಇಚ್ಛೆ ನಡೆದದ್ದುಂಟು. 2020ರ ಚುನಾವಣೆಯ ಹೊತ್ತಿನಲ್ಲಿ ರಾಜ್ಯದ ಕೆಲವೆಡೆ ಪಂಚಾಯತಿಯ ಸ್ಥಾನಗಳನ್ನೇ ಹರಾಜು ಕೂಗಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಹಣವನ್ನು ಗುಡಿಗೆ ಕೊಡುತ್ತೇವೆ, ಊರಿನ ಒಗ್ಗಟ್ಟಿಗಾಗಿ ಮಾಡಿದೆವು ಎಂಬುದು ಇಂಥ ಕಡೆ ಕೇಳಿಬರುವ ಸಮರ್ಥನೆ. ಮತವಿಲ್ಲದ ಒಗ್ಗಟ್ಟು ಪೂಗವಲ್ಲ. ಅದು ಬಲಿಷ್ಠ ಕುಲದ ಮನೆಯಂಗಳ. ಊರ ಕೊನೆಯ ಓಣಿಗೆ ನೀರು ಕೊನೆಗೆ ತಲುಪುವಲ್ಲಿ, ದಲಿತರ ಸ್ಮಶಾನಕ್ಕೆ ದಾರಿಯಿಲ್ಲದಿರುವಲ್ಲಿ, ಊರೊಟ್ಟು ಎಂಬ ಪದಕ್ಕೆ ಅರ್ಥವೇ ಇಲ್ಲ. ಮೀಸಲಾತಿಯೂ ಗುಪ್ತಮತವೂ ಸ್ತ್ರೀಯರ ಹಾಜರಿಯ ನಿಯಮವೂ ಈ ಕಾರಣದಿಂದಲೇ ಬೇಕು.

ನಮ್ಮ ಸೀಮೆ ಹಿಂದುಳಿದುದೆಂಬುದನ್ನು ಯಾರೂ ಅಲ್ಲಗಳೆದಿಲ್ಲ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿದಾಗ ಕಲಬುರ್ಗಿ ವಿಭಾಗದ ಕೊರತೆ ಎದ್ದು ಕಂಡಿತು. 371ಜೆ ವಿಧಿ ಬಂದಿತು, ಅಭಿವೃದ್ಧಿ ಮಂಡಳಿ ಬಂದಿತು, 2019ರಲ್ಲಿ ಕಲ್ಯಾಣ ಕರ್ನಾಟಕ ಎಂಬ ಹೆಸರೂ ಬಂದಿತು. ನ್ಯಾಯವಾಗಿ ಬರಬೇಕಾದುದು ಬರಲಿ. ಆದರೆ ಬಂದ ಹಣವನ್ನು ಎಲ್ಲಿ ಹೂಡಬೇಕು, ಯಾವ ಓಣಿಯ ಕೆಲಸ ಮೊದಲು ಎಂಬ ವಿವೇಕವನ್ನು ಬೆಂಗಳೂರಾಗಲಿ ದಿಲ್ಲಿಯಾಗಲಿ ಕಳುಹಿಸಲಾರದು. ಅದು ಘಾಟಬೋರಾಳದಂಥ ಊರು ತನ್ನಲ್ಲಿಯೇ ಬೆಳೆಸಿಕೊಳ್ಳಬೇಕಾದ ಅಭ್ಯಾಸ.

ಅದಕ್ಕೆ ಹೊಸ ಕಾನೂನು ಬೇಡ. ಇರುವುದರಲ್ಲಿ ಮೂರು ಸಣ್ಣ ಕಟ್ಟಳೆಗಳು ಸಾಕು. ಗ್ರಾಮಸಭೆಯಲ್ಲಿ ಊರೊಟ್ಟಿನ ವಿಷಯಗಳು ಮುಗಿದ ಮೇಲೆ ಪಟ್ಟಿಯ ಮಾತು ಬರಲಿ. ಹಿಂದಿನ ಸಭೆಯ ನಡವಳಿಯನ್ನು, ಏನಾಯಿತು ಏನಾಗಲಿಲ್ಲ ಎಂಬುದರೊಡನೆ, ಗಟ್ಟಿಯಾಗಿ ಓದಲಿ. ಕನ್ನಡದಲ್ಲಿ ಬರೆದುದನ್ನು ಮರಾಠಿ, ಉರ್ದು ಬಲ್ಲವರಿಗೆ ಬಾಯಿಮಾತಿನಲ್ಲಿ ತಿಳಿಯಹೇಳಲಿ. ಓದುವ ಕೆಲಸಕ್ಕೆ ಊರಿನ ಕಾಲೇಜು ವಿದ್ಯಾರ್ಥಿಗಳಿದ್ದಾರೆ. ಹಳೆಗನ್ನಡ ಪದ್ಯದ ಅನ್ವಯ ಮಾಡಬಲ್ಲವರಿಗೆ ನಡವಳಿಯ ಅನ್ವಯ ಕಷ್ಟವಾಗದು. ಮೂರನೆಯದು ಜಮಾಬಂದಿ.

ಈ ಪದದ ಚರಿತ್ರೆಯೇ ಒಂದು ಪಾಠ. ಹಿಂದೆ ಜಮಾಬಂದಿಯೆಂದರೆ ಅಧಿಕಾರಿ ಊರಿಗೆ ಬಂದು ರೈತನ ಕಂದಾಯದ ಲೆಕ್ಕವನ್ನು ತಪಾಸಣೆ ಮಾಡುವ ದಿನ. ಊರು ಅಂದು ಅಂಜಿ ನಿಲ್ಲುತ್ತಿತ್ತು. ಇಂದು ಕರ್ನಾಟಕದ ಪಂಚಾಯತಿಗಳಲ್ಲಿ ಜಮಾಬಂದಿಯೆಂದರೆ ವರ್ಷಕ್ಕೊಮ್ಮೆ ಪಂಚಾಯತಿಯ ಲೆಕ್ಕವನ್ನೂ ಕಾಮಗಾರಿಯನ್ನೂ ಊರವರ ಇದಿರಿನಲ್ಲಿ ಪರಿಶೀಲಿಸುವುದು. ಪದ ಅದೇ, ಲೆಕ್ಕ ಕೇಳುವವನು ಬದಲಾಗಿದ್ದಾನೆ. ಈ ಬದಲಾವಣೆ ಕಾಗದದಲ್ಲಿ ಆಗಿದೆ. ಕಟ್ಟೆಯ ಮೇಲೆ ಆಗಬೇಕಾಗಿದೆ. ಮುಂದಿನ ಜಮಾಬಂದಿಯ ದಿನ ಪಟ್ಟಿಯಲ್ಲಿ ತಮ್ಮ ಹೆಸರಿಲ್ಲದವರೂ ಹೋಗಿ ಕುಳಿತು, ಗಟಾರದ ಲೆಕ್ಕ ಕೇಳುವಂತಾದರೆ, ಅಲ್ಲಿ ಕೂಡಿದುದನ್ನು ಊರೆಂದು ಕರೆಯಲು ಅಡ್ಡಿಯಿಲ್ಲ.